ಐದಂಕಣದ ಮನೆ, ಮೂರು ಕಂಬ

ಅಬ್ಬಿಗೇರಿ
9 ಜೂನ್ 2024

ಖಾದರಸಾಬರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹೆಸರು ಅನಘಾ. ತವರು ಗಜೇಂದ್ರಗಡ, ಕೊಟ್ಟದ್ದು ಅಬ್ಬಿಗೇರಿಗೆ. ನಮ್ಮ ಐದು ತಿಂಗಳ ಮಗ ಸುಮೇಧ ಮಲಗುವ ತೊಟ್ಟಿಲಿನ ತಳದಲ್ಲಿ ಉಳಿಯಿಂದ ಕೆತ್ತಿದ ನಿಮ್ಮ ಹೆಸರಿದೆ: 'ಖಾದರ, ನರಗುಂದ'. ಪಕ್ಕದಲ್ಲಿ ಒಂದು ಸಣ್ಣ ಮೀನು. ಮೊನ್ನೆ ಹಾಸಿಗೆ ಒಣಗಿಸಲು ತೆಗೆದಾಗ ಕಂಡಿತು. ನರಗುಂದದಲ್ಲಿರುವ ಗೆಳತಿ ಮೇಘಾಳನ್ನು ಕೇಳಿದೆ. "ಅಯ್ಯ, ಅವ್ರೀಗ ತೊಟ್ಟಿಲಾ ಬಾಗಲಾ ಎಲ್ಲಾ ಬಿಟ್ಟಾರ. ಮೊಳದುದ್ದದ ಮನಿ ಮಾಡಿ ಗಾಜಿನ ಪೆಟ್ಟಿಗ್ಯಾಗ ಇಡ್ತಾರ. ಒಳಗ ಒಲಿ, ಒಳ್ಳು, ಒನಕಿ ಎಲ್ಲಾ ಇರ್ತಾವ. ಫೋನ್ ಮಾಡಬ್ಯಾಡ, ಕಿವಿ ಕೇಳಂಗಿಲ್ಲ, ಕಾಗದ ಬರಿ" ಎಂದಳು.

ನಮ್ಮ ಮನೆಯದೊಂದು ಮಾದರಿ ಮಾಡಿಕೊಡುತ್ತೀರಾ? ನಮ್ಮ ಅತ್ತೆ ಇಂದಿರಾಬಾಯಿಯವರಿಗೆ ಈ ದೀಪಾವಳಿಗೆ ಕೊಡಬೇಕೆಂದಿದ್ದೇನೆ. ಹಳೆಯ ಮಾಳಿಗೆ ಮನೆ, ಮೇಲೆ ಮಣ್ಣಿನ ಛಾವಣಿ. ಊರಲ್ಲಿ 'ಐದಂಕಣದ ಮನಿ' ಎಂದೇ ಹೆಸರು. ಮಣ್ಣಿನ ಛತ್ತು ಹೇಗೆ ನಿಲ್ಲುತ್ತದೆ, ಯಾವ ಕಟ್ಟಿಗೆ ಯಾವುದನ್ನು ಹೊತ್ತಿರುತ್ತದೆ, ಎಲ್ಲವೂ ಬಿಚ್ಚಿ ನೋಡುವಂತಿರಬೇಕು.

ಇನ್ನೂ ಕೇಳುವುದಿದೆ. ಸಣ್ಣ ಮನೆಗೆ ಹಾಕುವ ಮಣ್ಣು ನಿಜವಾದ ಮಣ್ಣೇ? ಒನಕೆಯನ್ನು ಯಾವುದರಲ್ಲಿ ಮಾಡುತ್ತೀರಿ? ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಹಿಡಿದು ಇನ್ನೊಂದರಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದಕ್ಕೆ ಕ್ಷಮಿಸಿ.

ಅನಘಾ


ನರಗುಂದ
17 ಜೂನ್ 2024

ಅನಘಾಬಾಯಾರಿಗೆ ಖಾದರನ ಸಲಾಂ.

ಕಾಗದ ಮುಟ್ಟೈತಿ. ನಾ ಇದ್ದ ಮನಿ ಮಾಡಂಗಿಲ್ರಿ. ಬಿದ್ದ ಮನಿ ಅಷ್ಟ ಮಾಡತೀನಿ. ಮಳಿಗಾಲ ಮುಗದ ಮ್ಯಾಲೆ ಶಿರೋಳ, ಲಕ್ಕಲಕಟ್ಟಿ ಅಂತ ಊರೂರು ತಿರುಗಿ, ಬಿದ್ದ ಗ್ವಾಡಿ ನೋಡಿ, ಮನಿಯವರನ್ನ ಕೇಳಿ, ಬೀಳೂದಕ್ಕ ಮುಂಚೆ ಹ್ಯಾಂಗಿತ್ತೋ ಹಂಗ ಮಾಡತೀನಿ. ನಮ್ಮಾಕಿ ಮಾಸುಮಬಿ ಅಂತಾಳ, "ಮಂದಿಗೆ ಮನಿ ಕಟ್ಟೂದು ಬಿಟ್ಟು ಇಲಿಗೆ ಕಟ್ಟಾಕತ್ತೀ, ಬಾಡಿಗಿ ಯಾರ ಕೊಡ್ತಾರ?"

ಮಣ್ಣು ಖರೇ ಮಣ್ಣ. ಮೂರು ಸಲ ಅರಬಿಯೊಳಗ ಸೋಸಿದ್ದು. ಒನಕಿ ಬಿದಿರ ಕಡ್ಡೀದು. ಕುಂಬಳಕಾಯಿ, ಗಡಗಿ ಅಂಥಾವಕ್ಕ ಜೋಳದ ದಂಟಿನ ಬೆಂಡು. ನೀವು ಸಣ್ಣಾಕಿ ಇದ್ದಾಗ ಅದರಾಗ ಬಂಡಿ ಮಾಡಿರತೀರಿ.

ಒಂದು ಫೂಟಿಗೆ ಅರ್ಧ ಇಂಚು ಲೆಕ್ಕ. ನಿಮ್ಮ ಮನಿ ಮಾಡತೀನೋ ಇಲ್ಲೋ ಆಮ್ಯಾಲೆ ಹೇಳತೀನಿ. ಮೊದಲ ಪಡಸಾಲಿಯೊಳಗ ಕಂಬ ಎಷ್ಟದಾವು ಎಣಿಸಿ ಬರೀರಿ. ಅಂಕಣ ಅಂದ್ರ ಕಂಬ ಅಲ್ಲ, ಕಂಬದಿಂದ ಕಂಬಕ್ಕ ಇರೂ ಜಾಗ. ಐದಂಕಣಕ್ಕ ನಾಕು ಕಂಬ ಇರಬೇಕು. ಕಬ್ಬಿಣದ ಗರ್ಡರ್ ಏನರ ಕಾಣತೈತೇನು, ಅದನ್ನೂ ಬರೀರಿ.

ಖಾದರ


ಅಬ್ಬಿಗೇರಿ
20 ಜೂನ್ 2024

ಖಾದರಸಾಬರಿಗೆ ನಮಸ್ಕಾರ.

ಮೂರು!

ನಾನು ಬಿ.ಎಸ್ಸಿ. ಗಣಿತ ಮಾಡಿದವಳು. ನಾಲ್ಕು ಸಲ ಎಣಿಸಿದೆ. ಕಂಬ ಮೂರೇ ಇವೆ. ಅಂದರೆ ಅಂಕಣ ನಾಲ್ಕು. ಈ ಮನೆಗೆ ಬಂದು ಮೂರು ವರ್ಷವಾಯಿತು, ದಿನಾ 'ಐದಂಕಣದವರ ಸೊಸಿ' ಎನಿಸಿಕೊಂಡೆ, ಎಣಿಸಿರಲಿಲ್ಲ ನೋಡಿ. ಮಾವನವರನ್ನು ಕೇಳಿದರೆ, "ದೊಡ್ಡ ಮನಿತನ, ಒಂದು ಅಂಕಣ ಹೆಚ್ಚಿಗಿ ಹೇಳ್ಯಾರ. ನಿಂದೇನು ಗಂಟು ಹೋತು?" ಎಂದು ನಕ್ಕರು. ನಮ್ಮ ಮಾವ ರಾಘಣ್ಣನವರ ನಗೆ ಓಣಿಯ ಆ ತುದಿಗೂ ಕೇಳಿಸುತ್ತದೆ. ಅತ್ತೆ ನಗಲಿಲ್ಲ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದರು. ಒಲೆಯ ಮೇಲೆ ಹಾಲಿರಲಿಲ್ಲ.

ಮಾವನವರು ಸಂತೆಗೆ ಹೋದಾಗ ಟೇಪು ಹಿಡಿದು ಅಳೆದೆ. ಪಡಸಾಲೆಯ ಅಗಲ ಹತ್ತು ಫೂಟು. ಉದ್ದಕ್ಕೆ ನಟ್ಟನಡುವೆ ಕಂಬಗಳ ಒಂದೇ ಸಾಲು. ಬಾಗಿಲಿನಿಂದ ಮೊದಲ ಕಂಬಕ್ಕೆ ಐದೂವರೆ ಫೂಟು. ಅಲ್ಲಿಂದ ಎರಡನೆಯದಕ್ಕೆ ಐದೂವರೆ. ಎರಡನೆಯದರಿಂದ ಮೂರನೆಯದಕ್ಕೆ ಹನ್ನೊಂದು. ಅಲ್ಲಿಂದ ಹಿಂದಿನ ಗೋಡೆಗೆ ಮತ್ತೆ ಐದೂವರೆ. ಹನ್ನೊಂದು ಎಂದರೆ ಐದೂವರೆಯ ಎರಡು ಪಟ್ಟು. ಹಾಗಾದರೆ ನಡುವೆ ಒಂದು ಕಂಬ ಇತ್ತೇ? ಇದ್ದರೆ ಎಲ್ಲಿ ಹೋಯಿತು?

ಮೇಲೆ ಏನಿದೆ ಎಂದು ಕಾಣುವುದಿಲ್ಲ. ನಮ್ಮ ಮದುವೆಗೆ ಪ್ಲಾಸ್ಟಿಕ್ಕಿನ ಸೀಲಿಂಗ್ ಹೊಡೆಸಿದ್ದಾರೆ. ಗರ್ಡರ್ ಇದೆಯೋ ಇಲ್ಲವೋ ಗೊತ್ತಿಲ್ಲ.

ನಿಮಗೊಂದು ಸುಳ್ಳು ಬರೆದೆ. ಮಾದರಿ ಅತ್ತೆಯವರಿಗಲ್ಲ, ನನಗೇ ಬೇಕು. ಆ ಸೀಲಿಂಗಿನ ಮೇಲೆ ಏನೋ ಸರ್... ಎಂದು ಉದುರುವ ಸದ್ದು ನನಗೆ ಕೇಳಿಸುತ್ತದೆ. ಉಳಿದವರು "ಇಲಿ" ಎನ್ನುತ್ತಾರೆ. ಇಲಿಗೆ ಕಾಲಿರುತ್ತವೆ, ಈ ಸದ್ದಿಗೆ ಕಾಲಿಲ್ಲ. ಗಜೇಂದ್ರಗಡದ ನಮ್ಮ ಮನೆಗೆ ಸಿಮೆಂಟಿನ ಛತ್ತು, ಹಾಗಾಗಿ ನನಗೆ ಮಾಳಿಗೆಯ ರೂಢಿ ಇಲ್ಲ ಎನ್ನುತ್ತಾರೆ ನನ್ನ ಗಂಡ. ಅವರ ಹೆಸರು ಸಮೀರ, ರೋಣದ ಬ್ಯಾಂಕಿನಲ್ಲಿ ಕೆಲಸ. ಹೆತ್ತ ಮೇಲೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಇಂಥ ಸದ್ದು ಕೇಳಿಸುತ್ತದೆ ಎಂದು ದವಾಖಾನೆಗೂ ಕರೆದೊಯ್ದರು. ಗುಳಿಗೆ ಕೊಟ್ಟರು. ಗುಳಿಗೆ ತೆಗೆದುಕೊಂಡರೂ ಸದ್ದು ಕೇಳಿಸಿತು.

ನನಗೆ ತಲೆ ಕೆಟ್ಟಿದೆಯೋ, ಮಾಳಿಗೆ ಕೆಟ್ಟಿದೆಯೋ, ಅದೊಂದು ತಿಳಿದರೆ ಸಾಕು.

ಅನಘಾ


ಅಬ್ಬಿಗೇರಿ
6 ಜುಲೈ 2024

ಖಾದರಸಾಬರಿಗೆ ನಮಸ್ಕಾರ.

ಹದಿನಾರು ದಿನವಾಯಿತು, ಉತ್ತರವಿಲ್ಲ. ಸುಳ್ಳು ಬರೆದೆನೆಂದು ಸಿಟ್ಟಾದಿರೇನು? ಅಥವಾ ನೀವೂ ನನ್ನನ್ನು ಹುಚ್ಚಿ ಎಂದುಕೊಂಡಿರಾ? ಹಾಗಿದ್ದರೆ ಹಾಗೆಂದೇ ಬರೆಯಿರಿ, ಬೇಸರವಿಲ್ಲ.

ಅನಘಾ


ನರಗುಂದ
14 ಜುಲೈ 2024

ಅನಘಾಬಾಯಾರಿಗೆ ಸಲಾಂ.

ಸಿಟ್ಟಿಲ್ರಿ. ಕೆಲಸದಾಗಿದ್ದೆ. ಈ ಕಾಗದದ ಕೂಡ ಒಂದು ಡಬ್ಬಿ ಕಳಿಸೀನಿ. ನಿಮ್ಮ ಪಡಸಾಲಿ. ಮೂರು ಕಂಬ, ನೀವು ಬರದಂಗ. ಕಂಬದ ತಲಿ ಮ್ಯಾಲೆ ಅಡ್ಡ ಇರೂದು ತೊಲಿ. ತೊಲಿಯಿಂದ ತೊಲಿಗೆ ಹಾಕಿದ ಸಣ್ಣ ಕಟ್ಟಿಗಿ ಜಂತಿ. ಜಂತಿ ಮ್ಯಾಲೆ ಮಣ್ಣು. ಮಣ್ಣಿನ ಭಾರ ಜಂತಿಗೆ, ಜಂತಿ ಭಾರ ತೊಲಿಗೆ, ತೊಲಿ ಭಾರ ಕಂಬಕ್ಕ. ಇಷ್ಟ ಮಾಳಿಗಿ ಗುಟ್ಟು.

ಹನ್ನೊಂದು ಫೂಟಿನ ನಡುವಿನ ತೊಲಿ ನೋಡ್ರಿ. ಅದರ ಕೆಳಗ ಕಂಬ ಇಲ್ಲ. ಅದು ಒಂದ ಕಟ್ಟಿಗಿ ಅಲ್ಲ, ಎರಡು ತುಂಡು ಕೂಡಿಸಿದ್ದು. ಕೂಡಿಸಿದ ಜಾಗ ನಟ್ಟನಡುವ ಬರತೈತಿ.

ಕೂಸನ್ನ ಅದರ ಕೆಳಗ ಮಲಗಿಸಬ್ಯಾಡ್ರಿ.

ಖಾದರ


ಅಬ್ಬಿಗೇರಿ
18 ಜುಲೈ 2024

ಖಾದರಸಾಬರಿಗೆ ನಮಸ್ಕಾರ.

ಡಬ್ಬಿ ಬಂತು. ನಾನು ಉಣ್ಣುವುದನ್ನೂ ಮರೆತು ನೋಡಿದೆ. ಬಾಗಿಲ ಚಿಲಕ ಅಲುಗಾಡುತ್ತದೆ! ನಮ್ಮ ಮೂರನೆಯ ಕಂಬಕ್ಕೆ ಎಮ್ಮೆ ತಿಕ್ಕಿದಂಥ ಒಂದು ತಗ್ಗು ಇದೆ, ಇದರಲ್ಲಿ ಅದೂ ಇದೆ. ಅದನ್ನು ನಾನು ಬರೆದಿದ್ದೆನೇ? ನೆನಪಿಲ್ಲ. ನಿದ್ದೆಯಿಲ್ಲದ ತಲೆ, ಬರೆದಿದ್ದರೂ ಬರೆದಿರಬಹುದು.

ನಮ್ಮ ಮಾಳಿಗೆಯ ಮಣ್ಣು ಒಂದೂವರೆ ಫೂಟು ದಪ್ಪ, ನಿಮ್ಮ ಲೆಕ್ಕದಂತೆ ಸೋಸಿದ ಮಣ್ಣು ಮುಕ್ಕಾಲು ಇಂಚು ಹರಡಿದೆ. ಸುಮಾರು ಒಂದು ಕಿಲೋ ಹಿಡಿಯಿತು. ಮಾವನವರು ಬಂದು ಮೇಲೊಂದು ಅಡಕೊತ್ತನ್ನೂ ಇಟ್ಟರು. ಏನೂ ಆಗಲಿಲ್ಲ. "ನೋಡವಾ ಅನಘಾ, ನಿನ್ನ ಬಡಿಗ್ಯಾನೇ ಸಾಕ್ಷಿ ಹೇಳಿದ. ಮನಿ ಕಲ್ಲಿದ್ದಂಗ ಅದ" ಎಂದರು. ಸಮೀರ ನಿರಾಳವಾಗಿ ಉಸಿರು ಬಿಟ್ಟಿದ್ದು ಕೇಳಿಸಿತು. ನನಗೂ ಒಂದು ಗಳಿಗೆ ಹಾಯೆನಿಸಿತು. ತಲೆಯೇ ಕೆಟ್ಟಿದ್ದರೆ ಒಳ್ಳೆಯದು, ತಲೆ ಕೂಸಿನ ಮೇಲೆ ಬೀಳುವುದಿಲ್ಲ.

ಆದರೆ ಒಂದು ಮಾತು. ತೊಲೆ ಎರಡು ತುಂಡಿನದು ಎಂದು ನಿಮಗೆ ಹೇಗೆ ಗೊತ್ತು? ಸೀಲಿಂಗಿನ ಮೇಲೇನಿದೆ ಎಂದು ನನಗೇ ಗೊತ್ತಿಲ್ಲ. ನಾನು ಬರೆದಿಲ್ಲ. ಇದನ್ನು ಮಾತ್ರ ಬರೆದಿಲ್ಲ ಎಂಬುದು ಖಚಿತ.

ಅನಘಾ


ನರಗುಂದ
20 ಜುಲೈ 2024

ಅನಘಾ ತಂಗೀ,

ನಿನ್ನ ಕಾಗದ ಇವತ್ತ ಮುಂಜಾನೆ ಬಂತು. ಟಪಾಲಿನವನ್ನ ಕುಂದ್ರಿಸಿಕೊಂಡ ಇದನ್ನ ಬರಿಯಾಕತ್ತೀನಿ.

ಆ ಸಣ್ಣ ಮನಿ ನಂಬಬ್ಯಾಡ. ತಪ್ಪು ನಂದು, ಹೇಳೂದು ಮರತೆ. ಸಣ್ಣದು ಸುಳ್ಳು ಹೇಳತೈತಿ. ಇರಿವಿ ಮಾಳಿಗಿ ಮ್ಯಾಲಿಂದ ಬಿದ್ರ ಎದ್ದು ಹೋಗತೈತಿ, ಎಮ್ಮಿ ಬಿದ್ರ ಹೋಗತೈತೇನು? ಮನಿ ಸಣ್ಣದು ಮಾಡಿದಷ್ಟೂ ಗಟ್ಟಿ ಆಗತೈತಿ. ನೀ ಗಣಿತ ಕಲ್ತಾಕಿ, ಯಾಕ ಅಂತ ನಿನಗ ತಿಳೀತೈತಿ. ನಾ ಬಿದ್ದ ಮನಿ ನೋಡಿ ನೋಡಿ ಕಲ್ತೀನಿ. ಇಪ್ಪತ್ನಾಕು ಪಟ್ಟು ಸಣ್ಣ ಮಾಡಿದ್ರ ಇಪ್ಪತ್ನಾಕು ಪಟ್ಟು ಭಾರ ಹೇರಬೇಕು, ಆವಾಗ ಅದು ಖರೇ ಹೇಳತೈತಿ. ನಿನ್ನ ಒಂದು ಕಿಲೋ ಮಣ್ಣಿಗೆ ಇಪ್ಪತ್ನಾಕು ಕಿಲೋ.

ಎರಡು ತುಂಡಂತ ನನಗ ಹ್ಯಾಂಗ ಗೊತ್ತಾತು ಅಂದ್ರ, ಅವನ್ನ ನಾನ ನೋಡೀನಿ. ಆ ಕಂಬ ತಗದಾಂವ ನಾನ.

ತೊಂಬತ್ತೆರಡನೇ ಇಸ್ವಿ. ನಿಮ್ಮ ಮಾವನ ಅಪ್ಪಾರು ನನಗ ಕೆಲಸ ಕಲಿಸಿದ ಉಸ್ತಾದರಿಗೆ ಹೇಳಿ ಕಳಿಸಿದ್ರು, ನಡುವಿನ ಕಂಬ ತಗೀಬೇಕು ಅಂತ. ಉಸ್ತಾದರು ಆಗಂಗಿಲ್ಲ ಅಂದ್ರು. ನನಗ ಇಪ್ಪತ್ತೆಂಟು ವರ್ಷ, ಸ್ವಂತ ಕೆಲಸ ಹಿಡೀಬೇಕಂತ ಹುರುಪು. ನಾ ತಗೀತೀನಿ ಅಂದೆ. ತೊಲಿ ಕೂಡಿಸಿದ ಜಾಗಕ್ಕ ಎರಡೂ ಕಡೆ ಕಬ್ಬಿಣದ ಪಟ್ಟಿ ಬಡದೆ. "ಇದು ಒಂದ ಮಳಿಗಾಲಕ್ರಿ, ಸುಗ್ಗಿ ಆದ ಮ್ಯಾಲೆ ಗರ್ಡರ್ ಹಾಕಸ್ರಿ" ಅಂತ ಹೇಳಿ ಬಂದೆ. ಹಾಕಿಸಿರತಾರ ಅಂತ ನನಗ ನಾನ ಹೇಳಿಕೊಂಡೆ. ಹೋಗಿ ನೋಡಿದ್ರ ಗೊತ್ತಾಗತಿತ್ತು, ಅದಕ್ಕ ಹೋಗಲಿಲ್ಲ. ಮಳಿ ಹಿಡಕೊಂಡಾಗೊಮ್ಮೆ ಪೇಪರಿನಾಗ ಅಬ್ಬಿಗೇರಿ ಹೆಸರು ಹುಡುಕತೀನಿ.

ನಿನ್ನ ತಲಿ ಕೆಟ್ಟಿಲ್ಲ. ನೀ ಕೇಳಿದ್ದು ಇಲಿ ಅಲ್ಲ.

ಖಾದರ


ಅಬ್ಬಿಗೇರಿ
30 ಜುಲೈ 2024

ಖಾದರ ಕಾಕಾ ಅವರಿಗೆ,

ಏನೆಂದು ಕರೆಯಬೇಕೆಂದು ಎರಡು ದಿನ ಯೋಚಿಸಿದೆ. ಸಿಟ್ಟು ಬಂದಿತ್ತು. ಬರೆದರೆ ಏನಾದರೂ ಅಂದುಬಿಡುತ್ತೇನೆಂದು ಸುಮ್ಮನಿದ್ದೆ. ಮೂವತ್ತೆರಡು ವರ್ಷ! ಆಮೇಲೆ 'ನಿನ್ನ ತಲಿ ಕೆಟ್ಟಿಲ್ಲ' ಎಂಬ ಸಾಲನ್ನು ಮತ್ತೆ ಓದಿದೆ. ಇದನ್ನು ನನಗೆ ಹೇಳಿದವರು ನೀವೊಬ್ಬರೇ. ಹಾಗಾಗಿ ಕಾಕಾ.

ಗಣಿತ ಬಿಡಿಸಿದೆ. ಎಲ್ಲ ಅಳತೆ ಎರಡು ಪಟ್ಟಾದರೆ ಕಟ್ಟಿಗೆಯ ಬಲ ನಾಲ್ಕು ಪಟ್ಟು, ಭಾರ ಎಂಟು ಪಟ್ಟು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಅದು ನನ್ನ ಮಗನ ತಲೆಯ ಮೇಲೆ ಇದೆಯೆಂದು ಗೊತ್ತಿರಲಿಲ್ಲ.

ಭಾನುವಾರ ಎಲ್ಲರನ್ನೂ ಕರೆದು ಕೂರಿಸಿದೆ. ಇಪ್ಪತ್ತೈದು ಕಿಲೋದ ಜೋಳದ ಚೀಲದಿಂದ ಒಂದು ಕಿಲೋ ತೆಗೆದು, ಉಳಿದದ್ದನ್ನು ಸಮೀರನ ಕೈಯಿಂದ, ಮಣ್ಣು ತೆಗೆದ ಸಣ್ಣ ಮನೆಯ ಮಾಳಿಗೆಯ ಮೇಲೆ ಮೆಲ್ಲಗೆ ಇಡಿಸಿದೆ. ಮಾವನವರು "ಆಟಿಗಿ ಸಾಮಾನು ಮುರದು ಹಾಕ್ತೀರಿ" ಎಂದು ನಗುತ್ತಿದ್ದರು. ಕಂಬವಿದ್ದ ತೊಲೆಗಳು ಸುಮ್ಮನಿದ್ದವು. ನಡುವಿನದು ಟಕ್ ಎಂದಿತು. ಕೂಡಿಸಿದ ಜಾಗ ಒಂದು ಜೋಳದ ಕಾಳು ಹಿಡಿಯುವಷ್ಟು ಬಾಯಿ ಬಿಟ್ಟಿತು. ಮಾವನವರ ನಗು ನಿಂತಿತು.

ಸಮೀರ ಏಣಿ ಹಾಕಿ ಸೀಲಿಂಗಿನ ಒಂದು ಪಟ್ಟಿ ಬಿಚ್ಚಿದರು. ಬುಟ್ಟಿ ತುಂಬ ಮಣ್ಣು ಅವರ ಮೇಲೆ ಸುರಿಯಿತು. ಟಾರ್ಚು ಹಿಡಿದು ನೋಡಿ ಇಳಿದು ಬಂದರು. "ತೊಲಿ ಕೂಡಿಸಿದಲ್ಲಿ ಎರಡು ಬೆರಳು ಬಿಟ್ಟದ" ಎಂದರು. "ಒಂದು ಪಟ್ಟಿ ತುಕ್ಕು ಹಿಡದು ಹರದದ. ಇನ್ನೊಂದರ ಮ್ಯಾಲೆ ನಿಂತದ." ಇಲಿ ಇರಲಿಲ್ಲ. ಅವರು ನನ್ನ ಕಡೆ ನೋಡಿದರು, ನಾನು ನೋಡಲಿಲ್ಲ. ಅವತ್ತೇ ಉದ್ದನೆಯ ಬಲ್ಲಿ ಕಟ್ಟಿಗೆ ತಂದು ತೊಲೆಗೆ ಆನಿಸಿ ನಿಲ್ಲಿಸಿದ್ದಾರೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಕಂಬ ಹಾಕಿಸೋಣ ಎಂದಾಗ ಅತ್ತೆ ಎದ್ದು ನಿಂತು "ಕಂಬ ಬ್ಯಾಡ" ಎಂದರು. ಯಾಕೆಂದು ಕೇಳಿದರೆ ಒಳಗೆ ಹೋಗಿಬಿಟ್ಟರು. ಮರುದಿನ ನನ್ನ ಮುಂದೆ ಮಾತ್ರ ಬಾಯಿ ಬಿಟ್ಟರು. ಸಮೀರನಿಗಿಂತ ಮೊದಲು ಅವರಿಗೊಂದು ಹೆಣ್ಣು ಕೂಸಾಗಿತ್ತಂತೆ. ನಾಲ್ಕು ತಿಂಗಳಿಗೆ ಹೋಯಿತು. ಕಿಟಕಿಯ ಬಿಸಿಲಿಗೆ ಆ ಕಂಬದ ನೆರಳು ತೊಟ್ಟಿಲ ಮೇಲೆ ಬೀಳುತ್ತಿತ್ತು, ಅದಕ್ಕೇ ಹೀಗಾಯಿತು ಎಂದು ಮನೆಯ ಹಿರಿಯರು ಯಾರೋ ಹೇಳಿದರಂತೆ. ಕಂಬ ತೆಗೆಸಿದರು, ಸಮೀರ ಬದುಕಿದರು. "ನೀ ಮಾಳಿಗಿಗೆ ಅಂಜತಿ, ನಾ ಕಂಬಕ್ಕ ಅಂಜತೀನಿ. ಇಬ್ಬರೂ ಅಂಜೂದು ಕೂಸಿಗೇ ಅಲ್ಲೇನು?" ಎಂದರು. ಮೂರು ವರ್ಷದಲ್ಲಿ ಆ ಕೂಸಿನ ಸುದ್ದಿ ಯಾರೂ ಎತ್ತಿರಲಿಲ್ಲ.

ಬಲ್ಲಿ ಎಷ್ಟು ದಿನ ತಡೆಯುತ್ತದೆ, ಕಾಕಾ?

ಅನಘಾ


ನರಗುಂದ
5 ಆಗಸ್ಟ್ 2024

ಅನಘಾ ತಂಗೀ,

ಬಲ್ಲಿ ಈ ಮಳಿಗಾಲ ತಡೀತೈತಿ ಅಂತ ಬರಿಯೂದಿತ್ತು. ಬರಿಯಂಗಿಲ್ಲ. ಹಿಂದ ಒಂದ ಸಲ ಹಂಗ ಹೇಳಿ ಬಂದೀನಿ.

ಆ ಹೆಣ್ಣು ಕೂಸಿನ ಸುದ್ದಿ ನನಗ ಯಾರೂ ಹೇಳಿರಲಿಲ್ಲ. ಕಂಬ ಯಾಕ ಬ್ಯಾಡ ಅಂತ ನಾನೂ ಕೇಳಲಿಲ್ಲ. ಬಡಿಗ್ಯಾ ಕೇಳಬೇಕಾಗಿತ್ತು. ಕೇಳಿದ್ದರ ತೊಟ್ಟಿಲ ಸರಿಸ್ರಿ ಅಂತಿದ್ದೆ.

ಡಬ್ಬಿಯೊಳಗ ಮೂರು ಸಾಮಾನು ಅದಾವು. ಒಂದು, ನಾಕನೇ ಕಂಬ, ಬೆರಳುದ್ದ. ಎರಡು, ಕಡಲಿ ಸಿಪ್ಪಿಯಷ್ಟು ತೊಟ್ಟಿಲ, ಕುದರಿ ಕೂದಲದಾಗ ತೂಗ ಹಾಕೀನಿ. ಮೂರು, ಮೂಡಣ ಗ್ವಾಡಿ, ಕಿಟಕಿ ಕೊರದದ್ದು. ಕಂಬ ನಿಲ್ಲಿಸಿ, ಗ್ವಾಡಿ ಹಚ್ಚಿ, ಹೊರಗಿಂದ ಟಾರ್ಚ್ ಹಿಡಿ. ಮೊದಲ ಕೆಳಗ, ಆಮ್ಯಾಲೆ ಮೆಲ್ಲಕ ಮ್ಯಾಲೆ. ಒಂದು ಮುಂಜಾನಿ ಆಗತೈತಿ. ಭಾರದ ವಿಷಯದಾಗ ಸಣ್ಣ ಮನಿ ಸುಳ್ಳು ಹೇಳತೈತಿ. ನೆರಳಿನ ವಿಷಯದಾಗ ಹೇಳಂಗಿಲ್ಲ.

ನೀ ಹಿಡೀಬ್ಯಾಡ. ತೊಟ್ಟಿಲ ಇಂದಿರಾಬಾಯಾರ ಕೈಯಾಗ ಕೊಡು.

ಇನ್ನೊಂದು. ಆ ಕಂಬ ಎಲ್ಲಿ ಹೋತು ಅಂತ ಕೇಳಿದ್ದೆಲ್ಲ. ಚಲೋ ಸಾಗವಾನಿ, ಒಗೀಬ್ಯಾಡ, ಇದರಾಗ ಮಮ್ಮಗಗ ತೊಟ್ಟಿಲ ಮಾಡು ಅಂದ್ರು ಹಿರ್ಯಾರು. ಸ್ವಂತ ಹೆಸರಿನ ಮೊದಲ ಕೆಲಸ ಅಂತ ಮೀನು ಕೆತ್ತಿದೆ. ನಿಮ್ಮ ಕಂಬ ಎಲ್ಲೂ ಹೋಗಿಲ್ಲ. ನಿನ್ನ ಮಗ ಅದರಾಗ ಮಲಗತಾನ.

ಖಾದರ


ಅಬ್ಬಿಗೇರಿ
12 ಆಗಸ್ಟ್ 2024

ಖಾದರ ಕಾಕಾ ಅವರಿಗೆ,

ಅತ್ತೆಗೆ ಮೊದಲು ಕಾಗದ ಓದಿ ಹೇಳಿದೆ, ಕೊನೆಯ ಸಾಲಿನವರೆಗೆ. ಅವರು ದೊಡ್ಡ ತೊಟ್ಟಿಲ ಹತ್ತಿರ ಹೋಗಿ ಅದರ ಕಾಲು ಮುಟ್ಟಿ ನೋಡಿದರು. "ಮೂವತ್ತೆರಡು ವರ್ಷ ಇದರ ನೆರಳಿಗೆ ಅಂಜಿ, ಇದರಾಗೇ ಮಗನ್ನ, ಮಮ್ಮಗನ್ನ ತೂಗಿದೆನಲ್ಲ!" ಎಂದರು. ಅತ್ತರೋ ನಕ್ಕರೋ ತಿಳಿಯಲಿಲ್ಲ.

ಆಮೇಲೆ ಬಾಗಿಲು ಹಾಕಿ, ಕನ್ನಡಕ ಹಾಕಿಕೊಂಡು, ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಬಿಟ್ಟರು. ಅರವತ್ತು ದಾಟಿದ ಅತ್ತೆ! ನಾನು ಟಾರ್ಚು ಹಿಡಿದೆ. ಸಣ್ಣ ಕಿಟಕಿಯಿಂದ ಬಿಸಿಲು ಒಳಗೆ ಬಿತ್ತು, ನಾಲ್ಕನೆಯ ಕಂಬದ ನೆರಳು ನೆಲದ ಮೇಲೆ ಉದ್ದಕ್ಕೆ ಹರಿದು, ಟಾರ್ಚು ಮೇಲೇರಿದಂತೆ ಗಿಡ್ಡವಾಯಿತು. ಅತ್ತೆ ಎರಡು ಬೆರಳಿನಲ್ಲಿ ತೊಟ್ಟಿಲು ಹಿಡಿದು ಒಂದೊಂದೇ ಅಂಕಣಕ್ಕೆ ಸರಿಸುತ್ತ ಹೋದರು. "ಇಲ್ಲಿ ಬೀಳ್ತದ... ಇಲ್ಲೂ ಬೀಳ್ತದ... ಟಾರ್ಚ್ ನೆಟ್ಟಗ ಹಿಡಿ, ನೆರಳು ಹಾರ್ಯಾಡ್ತದ!" ಕೊನೆಯ ಅಂಕಣದಲ್ಲಿ, ಹಿಂದಿನ ಗೋಡೆಯ ಹತ್ತಿರ, ನೆರಳು ಬರಲೇ ಇಲ್ಲ. ಇನ್ನೂ ಮೂರು ಸಲ ಸೂರ್ಯನನ್ನು ಹುಟ್ಟಿಸಿ ನೆತ್ತಿಗೇರಿಸಿದೆವು. ಬರಲಿಲ್ಲ.

"ಇದು ಎಷ್ಟನೇ ಅಂಕಣ?" ಎಂದು ಕೇಳಿದರು.

"ಐದನೇದು" ಎಂದೆ.

ಮಲಗಿದಲ್ಲೇ ಮುಖ ಹತ್ತಿರ ತಂದರು. ತೊಟ್ಟಿಲಿಗೆ ಮೆಲ್ಲಗೆ ಊದಿದರು, ತೂಗಿತು. "ಆ ಕೂಸನ್ನೂ ಇಲ್ಲೇ ಹಾಕಬೇಕಿತ್ತು" ಎಂದರು. ನಾನು ಟಾರ್ಚು ಆರಿಸಲಿಲ್ಲ.

ಎದ್ದಮೇಲೆ ಹೇಳಿದ್ದು ಇಷ್ಟು: "ಆ ಖಾದರಗ ಬರಿ. ಕಂಬ ಅವನೇ ತಗದಾನ, ಅವನೇ ಬಂದು ಹಾಕಲಿ. ಆವಾಗ ಉಣ್ಣದ ಹೋಗಿದ್ದ, ಈ ಸಲ ಉಂಡು ಹೋಗಲಿ."

ಅನಘಾ


ನರಗುಂದ
16 ಆಗಸ್ಟ್ 2024

ತಂಗೀ,

ಸೋಮವಾರ ಬರತೀನಿ. ಕಂಬ ತಯಾರೈತಿ. ನಿನ್ನ ಎರಡನೇ ಕಾಗದ ಬಂದ ದಿನಾನ ಕೆತ್ತಾಕ ಹಿಡದಿದ್ದೆ. ಹದಿನಾರು ದಿನ ಉತ್ತರ ಬರೀಲಿಲ್ಲ ಅಂತ ಬೈದಿದ್ದೆಲ್ಲ, ಅದು ಈ ಕೆಲಸ. ಮಾಸುಮಬೀನೂ ಬರತಾಳಂತ. "ಮನಷಾರು ಇರೂ ಮನಿಗೆ ಹೊಂಟೀ, ನಾ ನೋಡಬೇಕು" ಅನಾಕತ್ತಾಳ.

ಖಾದರ


ಅಬ್ಬಿಗೇರಿ
9 ಸೆಪ್ಟೆಂಬರ್ 2024

ಖಾದರ ಕಾಕಾ ಅವರಿಗೆ,

ನೀವು ಹೋದ ಮೂರನೆಯ ದಿನಕ್ಕೆ ಮಳೆ ಹಿಡಿಯಿತು, ನಾಲ್ಕು ದಿನ ಬಿಡಲಿಲ್ಲ. ಮಾವನವರು ದಿನಕ್ಕೆರಡು ಸಲ ಕಂಬವನ್ನು ಅಂಗೈಯಿಂದ ತಟ್ಟಿ ನೋಡುತ್ತಾರೆ, ಎತ್ತಿನ ಬೆನ್ನು ತಟ್ಟಿದಂತೆ. ಬಂದವರಿಗೆಲ್ಲ "ಎಣಿಸ್ರಿ, ಐದು ಅಂಕಣ ಅವ ಇಲ್ಲೋ ಎಣಿಸ್ರಿ" ಎನ್ನುತ್ತಾರೆ. ಸಮೀರ ಆ ಸೀಲಿಂಗನ್ನು ಮತ್ತೆ ಹೊಡೆಸಲಿಲ್ಲ. ಈಗ ತೊಲೆ ಕಾಣುತ್ತದೆ, ಜಂತಿ ಕಾಣುತ್ತದೆ, ಯಾವುದು ಯಾವುದನ್ನು ಹೊತ್ತಿದೆ ಎಲ್ಲ ಕಾಣುತ್ತದೆ. ಸುಮೇಧ ಐದನೆಯ ಅಂಕಣದಲ್ಲಿ ಮಲಗಿ ಅದನ್ನೇ ನೋಡುತ್ತಾನೆ, ನನ್ನ ಹಾಗೆ ಎಣಿಸುತ್ತಾನೋ ಏನೋ.

ಸಣ್ಣ ಮನೆ ಅತ್ತೆಯವರ ಕೋಣೆಯಲ್ಲಿದೆ. ಗಾಜಿನ ಪೆಟ್ಟಿಗೆ ಬೇಡ ಎಂದರು, ಕೈ ಹಾಕಲು ಬರುವುದಿಲ್ಲವಂತೆ. ಆ ತೊಟ್ಟಿಲಿನೊಳಗೆ ಎಳ್ಳುಕಾಳಿನಷ್ಟು ಹತ್ತಿಯ ಹಾಸಿಗೆ ಹಾಕಿದ್ದಾರೆ. ನಾನು ಕಂಡೂ ಕೇಳಲಿಲ್ಲ.

ಊರು ಮುಟ್ಟಿದ ಮೇಲೆ ಕಾಗದ ಹಾಕಿದ್ದಿರಿ, ಅದಕ್ಕೆ ಇಷ್ಟು ದಿನ ಉತ್ತರ ಯಾಕಿಲ್ಲ ಎಂದು ಮಾಸುಮಬಿ ಕಾಕು ಕೇಳಿದರೆ ಹೇಳಿ, ಸಿಟ್ಟಲ್ಲ. ಬರೆಯಬೇಕೆಂದು ದಿನಾ ಪೆನ್ನು ಹಿಡಿದು ತೊಟ್ಟಿಲ ಹತ್ತಿರ ಕೂರುತ್ತಿದ್ದೆ, ಅಲ್ಲೇ ಗೋಡೆಗೆ ಒರಗಿ ಮಲಗಿಬಿಡುತ್ತಿದ್ದೆ.

ಅನಘಾ